ಇಪ್ಪತ್ತೈದು ಎಚ್.ಪಿ.

ಮದುವೆ ಮಾತುಕತೆ ವರದಕ್ಷಿಣೆಗೆ ಕೊಡುವ ದೋಣಿಯ ಎಂಜಿನ್ನಿಗೆ ಬಂದು ನಿಂತಿತು.

“ಹುಡುಗನದ್ದು ಸಣ್ಣ ದೋಣಿ. ಎಂಟು ಎಚ್.ಪಿ. ಸಾಕು ಮಾರಾಯ್ರೇ,” ಎಂದರು ಹುಡುಗಿಯ ಅಪ್ಪ. ಅವರೂ ಕಡಲಿಗೆ ಹೋಗುವವರೇ.

“ಪಕ್ಕದ ಮನೆಯವನಿಗೆ ಮಾವ ಹದಿನೈದು ಕೊಡ್ಲಿಲ್ವಾ? ನಮ್ಮವನೇನು ಕಡಿಮೆಯಾ? ಇಪ್ಪತ್ತೈದು ಕೊಡಿ,” ಎಂದರು ಹುಡುಗನ ಅಪ್ಪ.

“ಅಷ್ಟು ಭಾರ ಹಿಂದೆ ಕೂತ್ರೆ ದೋಣಿಗೆ ನೀರು ನುಗ್ತದೆ.”

“ಕೊಡ್ಲಿಕ್ಕೆ ಮನಸ್ಸಿಲ್ಲದವರು ಹೀಗೇ ಹೇಳುವುದು.”

ಕೊಟ್ಟರು. ಮದುವೆಯ ದಿನ ಹಾರ ಹಾಕಿದ ಎಂಜಿನ್ ಮಂಟಪದ ಪಕ್ಕದಲ್ಲೇ ಇತ್ತು. ಮದುಮಗಳಿಗಿಂತ ಅದನ್ನು ನೋಡಿದವರೇ ಹೆಚ್ಚು.

ಹೊಸ ಎಂಜಿನ್ ಕಟ್ಟಿ ಕಡಲಿಗಿಳಿದ ಮೊದಲ ದಿನವೇ, ಹೊಳೆ ಕಡಲು ಸೇರುವ ಅಳಿವೆಯ ಅಲೆಗೆ ದೋಣಿ ಹಿಂದಿನಿಂದ ನೀರು ತುಂಬಿಕೊಂಡು ಮುಳುಗಿತು. ಸಂಜೆ ಹುಡುಗನ ಹೆಣ ದಡಕ್ಕೆ ಬಂತು.

ಹೆಣದ ಪಕ್ಕ ಕೂತಿದ್ದ ಅವನ ಅಪ್ಪ ಬೀಗರನ್ನು ಕಂಡದ್ದೇ ಎದ್ದು ನಿಂತರು.

“ನಿಮ್ಮ ಮಗಳ ಕಾಲ್ಗುಣ ನೋಡಿದ್ರಾ?”