ಅಪ್ಪನ ಡಿಮ್ಮರ್ ಪೆಟ್ಟಿಗೆ

ಬಿಸಿ ಬಲ್ಬಿನ ಮೇಲೆ ಧೂಳು ಸುಡುವ ವಾಸನೆ ಬಂದರೆ ಇಂದಿಗೂ ಗುಬ್ಬಿಯ ಆ ಮಧ್ಯಾಹ್ನ ನೆನಪಾಗುತ್ತದೆ. ನಮ್ಮ ಶಾಲೆಯ ನಾಟಕಕ್ಕೆ ಲೈಟಿನ ಕೆಲಸ ಅಪ್ಪನದು. ಬೆವರಿಗೆ ಒದ್ದೆಯಾದ ಬನಿಯನ್ನಿನಲ್ಲಿ ನೆಲದ ಮೇಲೆ ಕೂತು, ಒಂದೊಂದೇ ವೈರನ್ನು ಬೆಳಕನ್ನು ಏರಿಸಿ ಇಳಿಸುವ ಡಿಮ್ಮರ್ ಪೆಟ್ಟಿಗೆಗೆ ಸಿಕ್ಕಿಸುತ್ತಿದ್ದರು. ರಾಣಿಯ ವೇಷದಲ್ಲಿ ನಾನು ರಂಗದ ಮೇಲಿದ್ದೆ.

"ಬೆಳಕು ಒಂದೇ ಸಲ ಹೊಡೀಬಾರ್ದು ಕಣವ್ವಾ, ಬೆಳಗಾದಂಗೆ ಬರ್ಬೇಕು. ಅಲ್ಲೇ ನಿಂತ್ಕೋ," ಎನ್ನುತ್ತಾ ಅಪ್ಪ ಗುಂಡಿಯನ್ನು ಮೆಲ್ಲಗೆ ತಿರುಗಿಸಿದರು.

ತುಮಕೂರಿನಿಂದ ಹೊಸದಾಗಿ ಬಂದಿದ್ದ ಗೆಳತಿ ಪಕ್ಕದಲ್ಲೇ ಇದ್ದಳು. "ಯಾರೇ ಅವ್ರು? ನಿಮ್ಮಪ್ಪನಾ?" ಎಂದು ಕೇಳಿದಳು.

"ಅಲ್ಲ ಕಣೇ, ಲೈಟ್ ಹಾಕೋಕ್ ಬಂದವ್ರು," ಎಂದುಬಿಟ್ಟೆ.

ಅಪ್ಪನಿಗೆ ಕೇಳಿಸಿತು. ಗುಂಡಿಯ ಮೇಲಿದ್ದ ಕೈ ಒಂದು ಕ್ಷಣ ನಿಂತಿತು. ಆಮೇಲೆ ತಲೆ ಎತ್ತದೆ, "ಒಂದ್ ಹೆಜ್ಜೆ ಮುಂದೆ ಬನ್ನಿ ಮೇಡಂ," ಎಂದರು.

ನಾನು ಒಂದು ಹೆಜ್ಜೆ ಮುಂದೆ ಹೋಗಿ ನಿಂತೆ.