ರೊಟ್ಟಿ ಬಡಿಯುವ ಎಡಗೈ

ನನಗೆ ಮಾತು ಜಾಸ್ತಿ ಅಂತ ಮನೆಯಲ್ಲಿ ಎಲ್ಲರೂ ಬೈಯುತ್ತಾರೆ. ಬೈಯಲಿ ಬಿಡಿ... ಇದನ್ನು ಮಾತ್ರ ಪೂರ್ತಿ ಓದಿ.

ಪ್ರತಿ ಶನಿವಾರ ನಾನು ನಮ್ಮೂರಿನ ರಿಮ್ಯಾಂಡ್ ಹೋಮ್‌ಗೆ ಹೋಗುತ್ತೇನೆ. ಕೇಸಿನಲ್ಲಿ ಸಿಕ್ಕಿಬಿದ್ದ ಹದಿಹರೆಯದ ಹುಡುಗರ ಜೊತೆ ಕೂತು ಸ್ಕೆಚ್ ಮಾಡುತ್ತೇನೆ. ಚಿತ್ರದ ಕೆಳಗೆ ಅವರು ಡೈರಿ ಥರ ಒಂದು ಸಾಲು ಬರೆಯುತ್ತಾರೆ.

ಆ ಹುಡುಗರ ಮುಖ ಹೊರಗೆ ತೋರಿಸುವಂತಿಲ್ಲ, ಕಾನೂನು. ಹಾಗಾಗಿ ನಾನು ಬಿಡಿಸುವುದು ಬರೀ ಕೈಗಳನ್ನು...

ಅಲ್ಲೊಬ್ಬ ಹುಡುಗ. ಫಕೀರೇಶ ಅಂತಿಟ್ಟುಕೊಳ್ಳಿ, ನಿಜವಾದ ಹೆಸರು ಹೇಳುವಂತಿಲ್ಲ. ಹೊಡೆದಾಟದ ಕೇಸು.

ಮೊದಲ ಸಲ ತಾಯಿ ನೋಡಲು ಬಂದಾಗ ನಾಚಿಕೆಯಿಂದ ಇವನು ಹೊರಗೇ ಬರಲಿಲ್ಲ. ಆಮೇಲೆ ಅವಳೂ ಬರಲಿಲ್ಲ.

ಈಗ ಬಿಡುಗಡೆಯ ಆದೇಶ ಬಂದಿತ್ತು. ಆದರೆ ಮನೆಯವರು ಬಂದು ಜವಾಬ್ದಾರಿ ತೆಗೆದುಕೊಂಡರೆ ಮಾತ್ರ ಮನೆಗೆ... ಇಲ್ಲದಿದ್ದರೆ ಅಲ್ಲೇ.

"ನಮ್ಮವ್ವ ಬರಂಗಿಲ್ರೀ ಮೇಡಂ... ನಾನ ಆಕೀನ ವಾಪಸ್ ಕಳಿಸೇನಿ."

ಹೋಮ್‌ನ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಲೇ ಹೇಳಿದ. ಅದೂ ಎಡಗೈಯಲ್ಲಿ! ಆ ಕೈಯನ್ನೇ ಬಿಡಿಸಿದೆ. ಕೆಳಗೆ ಅವನು ಬರೆದ: 'ಅವ್ವ ಕಲಿಸಿದ್ದು.'

ಚಿತ್ರವನ್ನು ಭೇಟಿಗೆ ಬಂದವರು ಕೂರುವ ಕೋಣೆಯ ಗೋಡೆಗೆ ಅಂಟಿಸಿದೆ.

ಮುಂದಿನ ಶನಿವಾರ ಹೋದರೆ, ಒಬ್ಬ ಹೆಂಗಸು ಅದರ ಮುಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಇದು ನನ್ ಮಗನ ಕೈರೀ... ಎಡಗೈಲೆ ಬಡೀಬ್ಯಾಡೋ ಅಂತ ಎಷ್ಟ್ ಬೈದೇನಿ, ಕೇಳಿದ್ರ ತಾನ!"

"ಮತ್ತ ಇಲ್ಯಾಕ ನಿಂತೀರಿ? ಒಳಗ ಬರ್ರಿ!"

"ಬ್ಯಾಡ್ರೀ ಯಕ್ಕಾ. ಆಫೀಸಿನವ್ರು ಕರದ್ರಂತ ಬಂದೆ. ಅವಗ ನಾ ಬ್ಯಾಡಾಗೇನಿ. ಇವತ್ತೂ ಮುಖ ತೋರಸಲಿಲ್ಲಂದ್ರ ನನ್ ಜೀವ ತಡಿಯಂಗಿಲ್ಲ..." ಎಂದು ಬಾಗಿಲ ಕಡೆ ತಿರುಗಿಯೇಬಿಟ್ಟಳು.

ನನಗೆ ಎಲ್ಲಿತ್ತೋ ಸಿಟ್ಟು!

"ಎಂಥಾ ತಾಯಿ-ಮಗ ಅದೀರಿ ನೀವು! ಇಲ್ಲೇನ್ ಬರದಾನ ನೋಡೀರೇನು?"

"ನನಗ ಓದಾಕ ಬರಂಗಿಲ್ರೀ..."

"'ಅವ್ವ ಕಲಿಸಿದ್ದು' ಅಂತ ಬರದಾನ! ಬ್ಯಾಡಾದಾಕೀನ ಯಾರರ ಹಿಂಗ ನೆನಸ್ತಾರೇನು?"

ಅವಳ ಕೈ ಹಿಡಿದು ಸೀದಾ ಅಡುಗೆಮನೆಗೆ ನಡೆದೆ. ವಾರ್ಡನ್ "ಮೇಡಂ, ಪರ್ಮಿಷನ್..." ಎಂದರು. "ಆಮ್ಯಾಲೆ ಬೈಯ್ರಿ!" ಎಂದೆ.

ಮಗ ನೋಡಿದ. ಕೈತುಂಬ ಹಿಟ್ಟು.

ಅವಳು ಹಂಚಿನ ಕಡೆ ನೋಡಿ, "ರೊಟ್ಟಿ ಹೊತ್ತಾಕತ್ತೈತಿ ನೋಡೋ, ತಿರುವಿ ಹಾಕು ಮೊದ್ಲ!" ಎಂದು ಗದರಿದಳು.

"ಅವ್ವಾ..." ಎಂದವನೇ ಅವಳ ಹೆಗಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. "ನೀ ಬರಂಗಿಲ್ಲ ಅಂದ್ಕೊಂಡಿದ್ದೆ."

"ನೀ ಕರೀತಿ ಅಂತ ಕಾಯ್ತಿದ್ನೋ ನನ್ನಪ್ಪಾ..."

ರೊಟ್ಟಿ ಕರಕಲಾಯಿತು. ವಾರ್ಡನ್ ಕೂಡ ಬೈಯಲಿಲ್ಲ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಸಂಜೆ ಅವಳು ಜವಾಬ್ದಾರಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಮಗನನ್ನು ಕರೆದುಕೊಂಡು ಬಸ್ ಹತ್ತಿದಳು. ಬಸ್ ಹೊರಟ ಮೇಲೆಯೇ ನನಗೆ ಸರಿಯಾಗಿ ಉಸಿರು ಬಂದದ್ದು. ಉಸ್ಸಪ್ಪಾ!

ಮುನಿಸಿಕೊಂಡಿದ್ದಾರೆ ಅಂದುಕೊಂಡವರಲ್ಲಿ ಎಷ್ಟೋ ಜನ ಮುನಿದಿರುವುದೇ ಇಲ್ಲ... ಕರೆಯಲಿ ಎಂದು ಕಾಯುತ್ತಿರುತ್ತಾರೆ.

ನೀವು ಕರೆಯಲಿ ಎಂದು ಇವತ್ತು ಯಾರು ಕಾಯುತ್ತಿದ್ದಾರೆ?