ಅಂಚಿಗೊಂದು ಮೆತ್ತೆ

“ಇನ್ನೂ ಒಸಿ ದಪ್ಪ ಆಗ್ಲಿ, ಮಚ್ಚಾನ್.”

ದೇವರಾಜನ್ ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಇಷ್ಟು ಹೇಳಿ ಹೊರಟುಹೋದ. ಲಿಂಗಸಾಮಿ ಮತ್ತೆ ಸೂಜಿ ಕೈಗೆತ್ತಿಕೊಂಡ. ಸಿಕ್ಕಿಬಿದ್ದೆ ಎಂದೇ ಅವನು ಅಂದುಕೊಂಡಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವನದು. ಮಚ್ಚಾನ್, ಅಂದರೆ ಭಾವ, ಎಂದು ಕರೆಯುವ ಈ ತಂಗಿಯ ಗಂಡ ಇಷ್ಟೊಂದು ನಂಬುವವನಾಗಿರಬಾರದಿತ್ತು.

ವಿಮಾನ ಇದ್ದದ್ದು ಗಣಪತಿಯ ಪಂಪು ರಿಪೇರಿ ಶೆಡ್ಡಿನಲ್ಲಿ. ದೇವರಾಜನ್ ಅಲ್ಲಿನ ಫಿಟ್ಟರ್. ಯಾವುದೋ ಸೀಮೆಯ ಪತ್ರಿಕೆಯಲ್ಲಿ ಬಂದ ನಕ್ಷೆ, ಹಳೆಯ ಮೋಟಾರ್ ಸೈಕಲ್ಲಿನ ಎಂಜಿನ್, ಮರದ ಪಟ್ಟಿ, ಮಿಲ್ಲಿನ ಬಟ್ಟೆ, ಎರಡು ವರ್ಷದ ಹಟ. ಊರು ಮೊದಲು ನಕ್ಕಿತು, ಆಮೇಲೆ ಯಾವತ್ತು ಯಾವತ್ತು ಎಂದು ದಿನಾ ಕೇಳತೊಡಗಿತು. ಬಾಯಿ ಸುಮ್ಮನಿರದ ದೇವರಾಜನ್ ಮೊಸರು ಮಾರುವ ಪಳನಿಯಮ್ಮಾಳಿನಿಂದ ಹಿಡಿದು ಮಿಲ್ಲಿನ ಮೇಸ್ತ್ರಿಯವರೆಗೆ ಎಲ್ಲರಿಗೂ ಮಾತು ಕೊಟ್ಟಿದ್ದ: 1936ರ ಸಂಕ್ರಾಂತಿಗೆ ಹುಟ್ಟುವ ತೈ ತಿಂಗಳು ಮುಗಿಯುವುದರೊಳಗೆ ಹಾರುತ್ತೇನೆ.

ಮೊದಲ ಸಲ ನೆಲದ ಮೇಲೆ ಓಡಿಸಿ ನೋಡಿದ ದಿನವೇ ಚಕ್ರ ಗುಂಡಿಗಿಳಿದು, ಅವನ ಹಣೆ ಎದುರಿನ ತಗಡಿಗೆ ಬಡಿಯಿತು. ಮೂರು ಮುಳ್ಳಿನ ಮಾಪಕಗಳನ್ನು ಕೂರಿಸಿದ್ದ ತಗಡು ಅದು. ಅಂಚು ಕತ್ತಿಯಷ್ಟು ಹರಿತ. ಹಣೆಗೆ ಐದು ಹೊಲಿಗೆ ಬಿದ್ದವು. ಅಂಚಿಗೆ ಮೆತ್ತೆ ಕಟ್ಟುವ ಕೆಲಸ ಲಿಂಗಸಾಮಿಯ ಪಾಲಿಗೆ ಬಂತು. ಮಗ್ಗ ಬಿಟ್ಟು ಬಸ್ಸಿನ ಸೀಟು ಹೊಲಿಯುವ ಕಸುಬು ಹಿಡಿದವನು ಮನೆತನದಲ್ಲಿ ಅವನೊಬ್ಬನೇ.

ಅದೇ ಸಂಜೆ ತಂಗಿ ಚಿನ್ನತಾಯಿ ಅವನ ಮನೆಗೆ ಬಂದಳು. ಹುಟ್ಟಿದಾಗಿನಿಂದ ಮಗ್ಗ ಕಂಡವಳು. ನೆಯ್ದ ಸೀರೆ ಮಗ್ಗದ ದಿಂಡಿಗೆ ಸುತ್ತಿಕೊಳ್ಳುತ್ತ ಹೋದಂತೆ ಅದು ದಪ್ಪವಾಗಿ ಕೂತವರ ಹೊಟ್ಟೆಗೆ ತಾಗುತ್ತದೆ, ಕೈಯಾಡಲು ಜಾಗ ಸಾಲದಾಗುತ್ತದೆ. ಅವಳ ಉಪಾಯ ಹುಟ್ಟಿದ್ದು ಅಲ್ಲಿಂದ. ವಿಮಾನದ ಎಡಗಡೆ ಒಂದು ಲಿವರ್ ಇತ್ತು. ಅದನ್ನು ತಗಡಿಗೆ ತಾಗುವವರೆಗೂ ಮುಂದಕ್ಕೆ ನೂಕಿದರೆ ಮಾತ್ರ ಎಂಜಿನ್ನಿಗೆ ಪೂರ್ತಿ ಬಲ. ಅಂಚಿಗೆ ನಾಲ್ಕು ಬೆರಳು ದಪ್ಪದ ಮೆತ್ತೆ ಬಿದ್ದರೆ ಲಿವರ್ ನಡುದಾರಿಯಲ್ಲೇ ನಿಲ್ಲುತ್ತದೆ.

“ಓಡ್ಲಿ ಅಣ್ಣಾ, ಎಷ್ಟು ಬೇಕೋ ಅಷ್ಟು ಓಡ್ಲಿ. ಮೇಲೆ ಮಾತ್ರ ಹೋಗ್ಬಾರ್ದು. ಅವ್ರಿಗೂ ತಿಳೀಬಾರ್ದು. ಚೌಡಮ್ಮನ ಮೇಲೆ ಆಣೆ ಇಡು.”

ಅವನು ಆಣೆ ಇಟ್ಟ. ತಂಗಿಯ ಕಣ್ಣೀರಿನ ಮುಂದೆ ಬೇರೆ ದಾರಿ ಇರಲಿಲ್ಲ.

ಒಂದು ವಾರ ಅವನಿಗೆ ಅದೇ ಕೆಲಸ. ಬೂರುಗದ ಹತ್ತಿ ತುಂಬಿದ, ಮೇಲೆ ಎಮ್ಮೆಯ ತೊಗಲು ಹೊಲಿದ. ದೇವರಾಜನ್ ದಿನವೂ ಬಂದು ಒತ್ತಿ ನೋಡಿ, ಸಾಲದು ಎನ್ನುತ್ತಿದ್ದ. ಒಂದು ದಿನ ಅವನೇ ಹತ್ತಿಯ ಮೂಟೆ ಹೊತ್ತು ತಂದ. ಒಂದೊಂದು ಬೋಲ್ಟನ್ನೂ ಮೂರು ಸಲ ತಿರುಗಿಸಿ ನೋಡುವ ಮನುಷ್ಯ, ಮೆತ್ತೆ ಬಿದ್ದ ಮೇಲೆ ಆ ಲಿವರನ್ನು ಒಂದು ಸಲವೂ ನೂಕಿ ನೋಡಲಿಲ್ಲ. ಭಾವನ ಕೆಲಸದ ಮೇಲೆ ಅಷ್ಟು ಭರವಸೆ. ನಂಬಿಸಿ ಕತ್ತು ಕುಯ್ಯುವುದು ಎಂದರೆ ಇದೇ ಎಂದು ಲಿಂಗಸಾಮಿ ಒಳಗೊಳಗೇ ಬೆಂದ.

ಹಾರುವ ದಿನದ ಹಿಂದಿನ ಮಧ್ಯಾಹ್ನ ದೇವರಾಜನ್ ಅವನ ಪಕ್ಕ ಬಂದು ಕೂತ. ಎಂದಿನಂತೆ ಜಂಬ ಕೊಚ್ಚಲಿಲ್ಲ.

“ನಾಳೆ ಏನೇ ಆದ್ರೂ ತಪ್ಪು ನಿಂದಲ್ಲ, ಮಚ್ಚಾನ್. ನೀನು ಮಾಡಿರೋ ಕೆಲ್ಸ ಚೆನ್ನಾಗಿದೆ.”

ಲಿಂಗಸಾಮಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ದೇವರಾಜನ್ ಊಟಕ್ಕೆ ಹೋದ ಕೂಡಲೇ ಹೊಲಿಗೆ ಬಿಚ್ಚಿದ. ಹತ್ತಿಯನ್ನೆಲ್ಲ ಕಿತ್ತು, ಅಂಚು ಮುಚ್ಚುವಷ್ಟೇ ಉಳಿಸಿ ಮತ್ತೆ ಹೊಲಿದ. ಲಿವರ್ ನೂಕಿ ನೋಡಿದ. ಪೂರ್ತಿ ಹೋಯಿತು. ಎರಡು ವರ್ಷ ದುಡಿದವನ ಆಸೆಗೆ ಅಡ್ಡ ಬರಲು ತಾನು ಯಾರು? ಆದರೆ ಮನೆಗೆ ನಡೆಯುವ ದಾರಿಯಲ್ಲಿ ಚೌಡಮ್ಮ ನೆನಪಾದಳು. ಆಣೆ ಮುರಿದಾಗಿತ್ತು. ನಾಳೆ ಅವನು ಬಿದ್ದರೆ ತಂಗಿಯ ತಾಳಿ ಕಿತ್ತವನು ತಾನೇ.

ಬೆಳಿಗ್ಗೆ ಶೆಡ್ಡಿನ ಹಿಂದಿನ ಬಯಲಿನಲ್ಲಿ ಜನ ಕಿಕ್ಕಿರಿದಿದ್ದರು. ಒಬ್ಬನೇ ಪೂಜೆ ಮಾಡಬೇಕೆಂದು ಎಲ್ಲರನ್ನೂ ಆಚೆ ಕಳಿಸಿದ ದೇವರಾಜನ್, ಶೆಡ್ಡಿನ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಒಳಗಿದ್ದ. ಆಮೇಲೆ ನಾಲ್ಕು ಜನ ವಿಮಾನವನ್ನು ಬಯಲಿಗೆ ತಳ್ಳಿದರು. ಚಿನ್ನತಾಯಿ ಎಲೆ ಅಡಿಕೆ ಮೆಲ್ಲುತ್ತ ನಿಶ್ಚಿಂತೆಯಿಂದ ನಿಂತಿದ್ದಳು. ಅವಳ ಆ ನಿಶ್ಚಿಂತೆಯೇ ಲಿಂಗಸಾಮಿಯನ್ನು ಇರಿಯಿತು. ಓಡಿಹೋಗಿ ಎಲ್ಲ ಹೇಳಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ಎಂಜಿನ್ ಗುಡುಗಿತು. ಅವನು ಕಣ್ಣು ಮುಚ್ಚಿದ.

ವಿಮಾನ ಬಯಲಿನ ತುದಿಯವರೆಗೂ ಓಡಿತು. ತಿರುಗಿ ಬಂದು ಮತ್ತೆ ಓಡಿತು. ಮೂರನೆಯ ಸಲವೂ ಓಡಿತು. ಚಕ್ರ ನೆಲ ಬಿಡಲಿಲ್ಲ. ಇದಕ್ಕಿಂತ ನನ್ನ ಜಟಕಾ ವಾಸಿ ಎಂದು ಸೆಲ್ಲಪ್ಪನ್ ಕೂಗಿದ್ದಕ್ಕೆ ಬಯಲೆಲ್ಲ ನಕ್ಕಿತು. ದೇವರಾಜನ್ ಇಳಿದು, ಹಳೆಯ ಎಂಜಿನ್ನಿಗೆ ಶಕ್ತಿ ಸಾಲದೆಂದು ಹೇಳಿ ತಾನೂ ನಕ್ಕ.

ಜನ ಚದುರಿದ ಮೇಲೆ ಲಿಂಗಸಾಮಿ ವಿಮಾನದೊಳಕ್ಕೆ ಬಗ್ಗಿದ. ಮೆತ್ತೆ ತಲೆದಿಂಬಿನಂತೆ ಉಬ್ಬಿತ್ತು. ಅವನು ಯಾವತ್ತೂ ತುಂಬಿರದಷ್ಟು ದಪ್ಪ. ಲಿವರ್ ಅದಕ್ಕೆ ಒತ್ತಿಕೊಂಡು ಅರ್ಧದಲ್ಲೇ ನಿಂತಿತ್ತು. ತಂಗಿಯದೇ ಕೆಲಸ ಎಂದುಕೊಂಡ. ಆಮೇಲೆ ಹೊಲಿಗೆ ಕಣ್ಣಿಗೆ ಬಿತ್ತು. ಬೆರಳಗಲಕ್ಕೊಂದು ಪೋಣಿಕೆ, ಒಂದು ಮೇಲೆ, ಒಂದು ಕೆಳಗೆ, ನಡುವೆ ದಾರದ ಗಂಟು. ಹರಿದ ಸೀರೆಯನ್ನು ಗೊತ್ತೇ ಆಗದ ಹಾಗೆ ಕೂಡಿಸುವ ಚಿನ್ನತಾಯಿಯ ಕೈ ಇದಲ್ಲ. ಇದು ಜನ್ಮದಲ್ಲೇ ಸೂಜಿ ಹಿಡಿಯದವನ ಕೈ.

ಹಿಂದಿನಿಂದ ಯಾರೋ ಅವನ ಹೆಗಲ ಮೇಲೆ ಕೈ ಇಟ್ಟರು.

“ನಂಗೆ ಭಯ ಆಗಿದ್ದು ಚಿನ್ನತಾಯಿಗೆ ಮಾತ್ರ ಹೇಳ್ಬೇಡ, ಮಚ್ಚಾನ್,” ಎಂದ ದೇವರಾಜನ್.